ಆಸ್ಪರಾಜಿನೇಸ್‌ಗೆ ಬಗ್ಗದ ಲ್ಯುಕೇಮಿಯಾ

ಪ್ರಶ್ನೆ: ರಕ್ತದ ಕ್ಯಾನ್ಸರಿಗೆ ಕೊಡುವ ಆಸ್ಪರಾಜಿನೇಸ್ ಇಂಜೆಕ್ಷನ್ ಹೇಗೆ ಕೆಲಸ ಮಾಡುತ್ತದೆ?

ಉತ್ತರ: ಆಸ್ಪರಾಜಿನೇಸ್ ಒಂದು ಕಿಣ್ವ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಅಂದರೆ ಎಎಲ್‌ಎಲ್, ಚಿಕಿತ್ಸೆಯಲ್ಲಿ ಇದನ್ನು ವಿನ್‌ಕ್ರಿಸ್ಟಿನ್ ಮತ್ತು ಸ್ಟೀರಾಯ್ಡ್‌ಗಳ ಜೊತೆ ಕೊಡುತ್ತಾರೆ. ರಕ್ತದಲ್ಲಿರುವ ಆಸ್ಪರಾಜಿನ್ ಎಂಬ ಅಮೈನೊ ಆಮ್ಲವನ್ನು ಇದು ಆಸ್ಪಾರ್ಟಿಕ್ ಆಮ್ಲ ಮತ್ತು ಅಮೋನಿಯಾ ಆಗಿ ಒಡೆಯುತ್ತದೆ. ದೇಹದ ಹೆಚ್ಚಿನ ಜೀವಕೋಶಗಳು ತಮಗೆ ಬೇಕಾದಷ್ಟು ಆಸ್ಪರಾಜಿನ್ ತಾವೇ ತಯಾರಿಸಿಕೊಳ್ಳುತ್ತವೆ. ಎಎಲ್‌ಎಲ್ ಕೋಶಗಳಿಗೆ ಆ ಶಕ್ತಿ ಕಡಿಮೆ. ಅವು ರಕ್ತವನ್ನೇ ನೆಚ್ಚಿಕೊಂಡಿರುತ್ತವೆ. ರಕ್ತದಲ್ಲಿ ಆಸ್ಪರಾಜಿನ್ ಬರಿದಾದಾಗ ಪ್ರೋಟೀನ್ ತಯಾರಿ ಕುಂಠಿತವಾಗಿ ಕೋಶ ಸಾಯುತ್ತದೆ. ಗಿನಿಯಿಲಿಯ ಸೀರಮ್ ಕೊಟ್ಟಾಗ ಇಲಿಗಳ ಲಿಂಫೋಮಾ ಕರಗಿದ್ದನ್ನು ಜಾನ್ ಕಿಡ್ 1953ರಲ್ಲಿ ವರದಿ ಮಾಡಿದ್ದರು. ಅದಕ್ಕೆ ಕಾರಣ ಈ ಕಿಣ್ವವೆಂದು ಮುಂದೆ ಜಾನ್ ಬ್ರೂಮ್ ಗುರುತಿಸಿದರು.

ಪ್ರಶ್ನೆ: ಕೆಲವು ಕೋಶಗಳು ಇದಕ್ಕೆ ಬಗ್ಗದಿರುವುದು ಏಕೆ?

ಉತ್ತರ: ಮುಖ್ಯ ದಾರಿ ಸ್ವಂತ ತಯಾರಿ. ಆಸ್ಪರಾಜಿನ್ ಕೊರತೆಯಾದಾಗ ಅದನ್ನು ಹೊತ್ತು ತರಬೇಕಾದ ಟಿಆರ್‌ಎನ್‌ಎ ಅಣುಗಳು ಬರಿಗೈಯಲ್ಲಿ ಉಳಿಯುತ್ತವೆ. ಜಿಸಿಎನ್2 ಎಂಬ ಪ್ರೋಟೀನ್ ಇದನ್ನು ಪತ್ತೆ ಹಚ್ಚುತ್ತದೆ. ಅದರ ಸೂಚನೆಯಂತೆ ಎಟಿಎಫ್4 ಎಂಬ ಇನ್ನೊಂದು ಪ್ರೋಟೀನ್ ಹೆಚ್ಚಿ, ಆಸ್ಪರಾಜಿನ್ ಸಿಂಥೆಟೇಸ್ ಜೀನನ್ನು ಚುರುಕುಗೊಳಿಸುತ್ತದೆ. ಕೋಶ ಆಸ್ಪಾರ್ಟಿಕ್ ಆಮ್ಲದಿಂದಲೇ ಆಸ್ಪರಾಜಿನ್ ಮಾಡಿಕೊಳ್ಳತೊಡಗುತ್ತದೆ. ಇದಕ್ಕೆ ಬೇಕಾದ ಸಾರಜನಕ ಗ್ಲುಟಮಿನ್‌ನಿಂದ ಬರುತ್ತದೆ.

ನೆರೆಹೊರೆಯ ನೆರವೂ ಉಂಟು. ಅಸ್ಥಿಮಜ್ಜೆಯ ಮೆಸೆಂಕೈಮಲ್ ಕೋಶಗಳು ಆಸ್ಪರಾಜಿನ್ ಒದಗಿಸಿ, ಕೊಬ್ಬಿನ ಕೋಶಗಳು ಗ್ಲುಟಮಿನ್ ಬಿಟ್ಟುಕೊಟ್ಟು ಕ್ಯಾನ್ಸರ್ ಕೋಶಗಳನ್ನು ಉಳಿಸಬಲ್ಲವೆಂದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಕೆಲವು ಲ್ಯುಕೇಮಿಯಾ ಕೋಶಗಳಲ್ಲಿರುವ ಕ್ಯಾಥೆಪ್ಸಿನ್ ಬಿ ಎಂಬ ಕಿಣ್ವ ಔಷಧವನ್ನೇ ತುಂಡರಿಸುತ್ತದೆ.

ಪ್ರಶ್ನೆ: ಔಷಧ ಫಲಿಸದಿದ್ದರೆ ಕೋಶಗಳೇ ಕಾರಣವೇ?

ಉತ್ತರ: ಯಾವಾಗಲೂ ಅಲ್ಲ. ಔಷಧವಾಗಿ ಕೊಡುವ ಈ ಕಿಣ್ವ ಬ್ಯಾಕ್ಟೀರಿಯಾದ ಪ್ರೋಟೀನ್ ಆದ್ದರಿಂದ ದೇಹ ಅದರ ವಿರುದ್ಧ ಪ್ರತಿಕಾಯ ಬೆಳೆಸಿಕೊಳ್ಳಬಹುದು. ಕೆಲವರಲ್ಲಿ ದದ್ದು, ಉಸಿರಾಟದ ತೊಂದರೆ ಕಾಣಿಸುತ್ತದೆ. ಇನ್ನು ಕೆಲವರಲ್ಲಿ ಹೊರಗೆ ಯಾವ ಲಕ್ಷಣವೂ ಇಲ್ಲದೆ ಔಷಧ ನಿಷ್ಕ್ರಿಯವಾಗುತ್ತದೆ. ಇದನ್ನು ತಿಳಿಯಲು ರಕ್ತದಲ್ಲಿ ಕಿಣ್ವದ ಚಟುವಟಿಕೆ ಅಳೆಯುತ್ತಾರೆ. ಮಿಲಿಲೀಟರಿಗೆ ಕನಿಷ್ಠ 0.1 ಯೂನಿಟ್ ಇರಬೇಕೆಂಬುದು ಸಾಮಾನ್ಯ ಗುರಿ. ಪ್ರತಿಕಾಯದಿಂದ ಇ. ಕೋಲಿ ಬ್ಯಾಕ್ಟೀರಿಯಾ ಮೂಲದ ಔಷಧ ಸೋತರೆ ಎರ್ವಿನಿಯಾ ಎಂಬ ಬೇರೆ ಬ್ಯಾಕ್ಟೀರಿಯಾ ಮೂಲದ್ದನ್ನು ಬಳಸಬಹುದು. ಕೋಶಗಳೇ ಆಸ್ಪರಾಜಿನ್ ತಯಾರಿಸುತ್ತಿದ್ದರೆ ಈ ಬದಲಾವಣೆಯಿಂದ ಹೆಚ್ಚು ಪ್ರಯೋಜನವಿಲ್ಲ. ಆಗ ಬೇರೆ ಬಗೆಯ ಔಷಧಗಳನ್ನೇ ನೆಚ್ಚಬೇಕಾಗುತ್ತದೆ.