ರೋಗ ಸರ್ವೇಕ್ಷಣೆ: ಮಂಗನ ಕಾಯಿಲೆ ಕಲಿಸಿದ ಪಾಠ

ಬಂದ ರೋಗಕ್ಕೆ ಚಿಕಿತ್ಸೆ ನೀಡುವುದು ವೈದ್ಯನ ಕರ್ತವ್ಯ. ಆ ರೋಗ ಎಲ್ಲಿಂದ ಬಂದಿತು, ಯಾವ ಮಾರ್ಗವಾಗಿ ಹರಡುತ್ತಿದೆ, ಮುಂದೆ ಯಾರನ್ನು ಬಾಧಿಸೀತು ಎಂಬುದನ್ನು ಎಚ್ಚರದಿಂದ ಗಮನಿಸುತ್ತಿರುವುದು ಸರ್ವೇಕ್ಷಣಾ ವಿಜ್ಞಾನಿಯ ಕರ್ತವ್ಯ. ಈ ಕಾರ್ಯದ ಸ್ವರೂಪವನ್ನರಿಯಲು ಮಲೆನಾಡಿನ ಮಂಗನ ಕಾಯಿಲೆಯ ಇತಿಹಾಸವೊಂದೇ ಸಾಕು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಅದೇ ಕಾಲದಲ್ಲಿ ಸುತ್ತಣ ಹಳ್ಳಿಗಳ ಜನರು ತೀವ್ರ ಜ್ವರ, ತಲೆನೋವು, ಮೈಕೈನೋವುಗಳಿಂದ ಹಾಸಿಗೆ ಹಿಡಿದರು; ಕೆಲವರು ಅಸುನೀಗಿದರು. ಈ ಎರಡಕ್ಕೂ ಸಂಬಂಧವುಂಟೆಂದು ಹಳ್ಳಿಗರು ಗ್ರಹಿಸಿದ್ದರು. 'ಮಂಗನ ಕಾಯಿಲೆ' ಎಂಬ ಹೆಸರೇ ಅದಕ್ಕೆ ಸಾಕ್ಷಿ.

ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳಿಗೆ ಮೊದಲು ಹಳದಿ ಜ್ವರದ ಶಂಕೆಯುಂಟಾಯಿತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಕೋತಿಗಳನ್ನು ಕೊಲ್ಲುವ ಆ ರೋಗ ಭಾರತವನ್ನು ಹೊಕ್ಕಿದ್ದರೆ ಅನಾಹುತವೇ ಆಗುತ್ತಿತ್ತು. ಆದರೆ ಡಾ. ಟೆಲ್‌ಫೋರ್ಡ್ ವರ್ಕ್ ಅವರ ನೇತೃತ್ವದ ತಂಡವು ವೈರಸ್ಸನ್ನು ಬೇರ್ಪಡಿಸಿ ಪರೀಕ್ಷಿಸಿದಾಗ ಅದು ಹಳದಿ ಜ್ವರದ್ದಲ್ಲವೆಂದೂ, ರಷ್ಯದಲ್ಲಿ ಉಣ್ಣೆಗಳಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ ಹೊಸದೊಂದು ವೈರಸ್ಸೆಂದೂ ತಿಳಿದುಬಂದಿತು.

ಈ ಹೋಲಿಕೆಯೇ ಮುಂದಿನ ಶೋಧಕ್ಕೆ ದಾರಿ ತೋರಿತು. ಕಾಡಿನ ನೆಲದ ಮೇಲೆ ಬಟ್ಟೆ ಎಳೆದು, ಅದಕ್ಕೆ ಅಂಟಿಕೊಂಡ ಉಣ್ಣೆಗಳನ್ನು ಸಂಗ್ರಹಿಸಿ, ಜಾತಿವಾರು ವಿಂಗಡಿಸಿ ಪರೀಕ್ಷಿಸಲಾಯಿತು. 'ಹೀಮಾಫೈಸಾಲಿಸ್ ಸ್ಪಿನಿಜೆರ' ಎಂಬ ಉಣ್ಣೆಯೇ ರೋಗದ ಪ್ರಮುಖ ವಾಹಕವೆಂದು ಸಿದ್ಧಪಟ್ಟಿತು. ಸತ್ತ ಮಂಗದ ಮೈಯಿಂದ ಉದುರಿದ ಉಣ್ಣೆಗಳು ಆ ಸ್ಥಳವನ್ನೇ ಅಪಾಯಕರವಾಗಿಸುತ್ತವೆ. ಬೆಳೆದ ಉಣ್ಣೆಗಳಿಗೆ ದನಕರುಗಳು ಆಹಾರವಾಗುತ್ತವೆ. ಕಾಡು ಕಡಿದು ಮೇವಿಗೆ ದನಗಳನ್ನು ಬಿಟ್ಟಂತೆ ಉಣ್ಣೆಗಳೂ ಹೆಚ್ಚಿದವೆಂಬುದು ಡಾ. ಹೋರ್ಹೆ ಬೋಶೆಲ್ ಅವರ ಅಭಿಪ್ರಾಯ. ಮಳೆಗಾಲ ಕಳೆದು ಬೇಸಗೆ ಮುಗಿಯುವವರೆಗೆ ಸೌದೆ, ತರಗೆಲೆಗಳಿಗಾಗಿ ಕಾಡಿಗೆ ಹೋಗುವ ಬಡವರೇ ಈ ರೋಗಕ್ಕೆ ಹೆಚ್ಚಾಗಿ ತುತ್ತಾಗುತ್ತಾರೆ. ಸಂಶೋಧನೆಯಲ್ಲಿ ತೊಡಗಿದ್ದ ಪ್ರಯೋಗಶಾಲೆಯ ಸಿಬ್ಬಂದಿಗೂ ಸೋಂಕು ತಗಲಿತೆಂಬುದು ಸ್ಮರಣೀಯ.

ದಶಕಗಳ ಕಾಲ ಕರ್ನಾಟಕದ ಕೆಲವೇ ಜಿಲ್ಲೆಗಳಲ್ಲಿ ಕಾಣುತ್ತಿದ್ದ ಕಾಯಿಲೆ 2012ರಲ್ಲಿ ಬಂಡೀಪುರದಲ್ಲಿಯೂ, ಅನಂತರ ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿಯೂ ಕಾಣಿಸಿಕೊಂಡಿತು. ಆದುದರಿಂದ ಸರ್ವೇಕ್ಷಣೆಯು ಒಂದು ಸಲ ಮಾಡಿ ಮುಗಿಸುವ ಕಾರ್ಯವಲ್ಲ. ಈ ರೋಗಕ್ಕೆ ನಿರ್ದಿಷ್ಟ ಔಷಧವಿಲ್ಲದಿರುವಾಗ ಮುನ್ನೆಚ್ಚರಿಕೆಯೇ ಮುಖ್ಯ ರಕ್ಷೆ.

ಪ್ರಯೋಗಶಾಲೆ ಎಷ್ಟೇ ಸುಸಜ್ಜಿತವಾಗಿದ್ದರೂ ಮೊದಲ ಸುದ್ದಿ ಬರಬೇಕಾದುದು ಹಳ್ಳಿಯಿಂದಲೇ. ಸತ್ತ ಮಂಗವನ್ನು ಕಂಡರೆ ಮುಟ್ಟದೆ, ಮರೆಮಾಚದೆ ಆರೋಗ್ಯ ಕೇಂದ್ರಕ್ಕೆ ತಿಳಿಸುವ ಬಾಲಕನೂ ಈ ವಿಜ್ಞಾನದ ಸಹಭಾಗಿ. ಆ ತಿಳಿವಳಿಕೆಯನ್ನು ಮಕ್ಕಳಲ್ಲಿ ಮೂಡಿಸುವ ಹೊಣೆ ಶಾಲೆಗಳದು.