ಹೊಸ ಗಣಕಯಂತ್ರದಲ್ಲಿ ಹಳೆಯ ಲೆಕ್ಕಪತ್ರ ತಂತ್ರಾಂಶ

ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಇದರಿಂದ ವರ್ತಕ ಬಾಂಧವರು ಹಾಗೂ ಸಣ್ಣ ಉದ್ಯಮಿಗಳು ಹೊಸ ಗಣಕಯಂತ್ರ ಕೊಳ್ಳುವ ಸಂದರ್ಭ ಒದಗಿದೆ. ಆದರೆ ಎಷ್ಟೋ ಮಳಿಗೆಗಳಲ್ಲಿ ದಾಸ್ತಾನು, ಬಿಲ್ಲು, ಖಾತೆಗಳೆಲ್ಲವೂ ಇಪ್ಪತ್ತು ವರ್ಷಗಳ ಹಿಂದೆ ಬರೆಯಿಸಿಕೊಂಡ ತಂತ್ರಾಂಶದಲ್ಲಿಯೇ ಇವೆ. ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 36ನೇ ಕಲಮಿನಂತೆ, ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕು. ಆದುದರಿಂದ ಹಳೆಯದನ್ನು ಒಮ್ಮೆಲೇ ಕೈಬಿಡುವಂತಿಲ್ಲ.

ಮೊದಲು ತಿಳಿಯಬೇಕಾದುದು ತಂತ್ರಾಂಶವು 16 ಬಿಟ್‌ನದೋ 32 ಬಿಟ್‌ನದೋ ಎಂಬುದು. ಡಾಸ್ ಕಾಲದ ಫಾಕ್ಸ್‌ಪ್ರೊ, ಕ್ಲಿಪ್ಪರ್ ತಂತ್ರಾಂಶಗಳು 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ನಡೆಯುವುದೇ ಇಲ್ಲ. ವಿಂಡೋಸ್ 11 ಬಂದಿರುವುದೇ 64 ಬಿಟ್‌ನಲ್ಲಿ. 32 ಬಿಟ್‌ನವು ಬಹುಮಟ್ಟಿಗೆ ನಡೆಯುತ್ತವೆ. ತೆರೆದೊಡನೆ ಸ್ಥಗಿತಗೊಂಡರೆ ಕಡತದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ವಿಭಾಗ ತೆರೆದು, ಹಳೆಯ ವಿಂಡೋಸ್ ಆವೃತ್ತಿಯೊಂದನ್ನು ಆರಿಸಿ ನೋಡಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ತಂತ್ರಾಂಶ ನಿಂತುಹೋದರೆ ಕಣ್ಣಿಗೆ ಕಾಣುತ್ತದೆ. ನಡೆಯುತ್ತಲೇ ತಪ್ಪು ಸ್ಥಳದಲ್ಲಿ ಬರೆದರೆ ಕಾಣುವುದಿಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದ ತಂತ್ರಾಂಶಗಳು ತಮ್ಮ ದತ್ತಾಂಶವನ್ನು ಪ್ರೋಗ್ರಾಂ ಫೈಲ್ಸ್ ಕೋಶದಲ್ಲಿಯೇ ಇಡುತ್ತಿದ್ದವು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ತಾದಿಂದ ಈಚೆಗೆ ಆ ಕೋಶದಲ್ಲಿ ಬರೆಯಲು ಸಾಮಾನ್ಯ ಬಳಕೆದಾರನಿಗೆ ಅನುಮತಿಯಿಲ್ಲ. ಹಳೆಯ ತಂತ್ರಾಂಶಗಳು ಮುರಿದು ಬೀಳದಿರಲೆಂದು ವಿಂಡೋಸ್ ಅವು ಬರೆದುದನ್ನು ಸದ್ದಿಲ್ಲದೆ ಆಯಾ ಬಳಕೆದಾರನ ವರ್ಚುವಲ್‌ಸ್ಟೋರ್ ಎಂಬ ಕೋಶಕ್ಕೆ ತಿರುಗಿಸುತ್ತದೆ. ಅದು ಯೂಸರ್ಸ್ ಕೋಶದೊಳಗೆ, ಸಾಮಾನ್ಯವಾಗಿ ಮರೆಯಾಗಿರುವ ಆಪ್‌ಡೇಟಾದಲ್ಲಿದೆ. ಉಪಕಾರವೇ ಸರಿ, ಆದರೆ ಅಪಾಯಕಾರಿ ಉಪಕಾರ. ಗುಮಾಸ್ತರು ತಮ್ಮ ಹೆಸರಿನಲ್ಲಿಯೂ ಮಾಲೀಕರು ತಮ್ಮ ಹೆಸರಿನಲ್ಲಿಯೂ ಲಾಗಿನ್ ಆದರೆ ಒಂದೇ ಅಂಗಡಿಗೆ ಎರಡು ಖಾತೆಪುಸ್ತಕಗಳಾಗುತ್ತವೆ! ಪ್ರತಿ ಶನಿವಾರ ಪ್ರೋಗ್ರಾಂ ಫೈಲ್ಸ್‌ನಿಂದ ಪೆನ್‌ಡ್ರೈವ್‌ಗೆ ತೆಗೆದ ಪ್ರತಿಯಲ್ಲಿ ಇರುವುದು ಮೊದಲ ದಿನದ ಲೆಕ್ಕ ಮಾತ್ರ.

ಇದಕ್ಕೆ ಪರಿಹಾರ ಸರಳ. ತಂತ್ರಾಂಶವನ್ನು ಸಿ ಡ್ರೈವ್‌ನಲ್ಲಿ ಬೇರೊಂದು ಕೋಶ ಮಾಡಿ ಅಲ್ಲಿ ಸ್ಥಾಪಿಸಿ, ಆ ಕೋಶಕ್ಕೆ ಬಳಕೆದಾರರೆಲ್ಲರಿಗೂ ಬರೆಯುವ ಅನುಮತಿ ನೀಡತಕ್ಕದ್ದು. ಈಗಾಗಲೇ ಬಳಸುತ್ತಿರುವವರು ವರ್ಚುವಲ್‌ಸ್ಟೋರ್ ತೆರೆದು, ಕಡತಗಳ ದಿನಾಂಕ ಹೋಲಿಸಿ, ಎರಡೂ ಪ್ರತಿಗಳನ್ನು ಜೋಪಾನ ಮಾಡಿದ ಮೇಲೆಯೇ ಸ್ಥಳಾಂತರಿಸಬೇಕು. ಪ್ರತಿಬಾರಿ ಅಡ್ಮಿನಿಸ್ಟ್ರೇಟರ್ ಆಗಿ ನಡೆಸುವುದನ್ನು ಕೆಲವರು ಸೂಚಿಸುತ್ತಾರೆ. ಒಂದು ದಿನ ಮರೆತರೆ ಅಂದಿನ ನಮೂದುಗಳು ಬೇರೆಡೆ ಸೇರುವುದರಿಂದ ನಾವು ಅದನ್ನು ಒಪ್ಪುವುದಿಲ್ಲ.

ಡಾಸ್ ತಂತ್ರಾಂಶದವರಿಗೆ ವರ್ಚುವಲ್‌ಬಾಕ್ಸ್‌ನಂತಹ ಸಾಧನದಲ್ಲಿ ಹಳೆಯ ವಿಂಡೋಸನ್ನು, ಪರವಾನಗಿ ಇದ್ದಲ್ಲಿ, ಯಂತ್ರದೊಳಗಿನ ಯಂತ್ರವಾಗಿ ಸ್ಥಾಪಿಸುವುದು ಮೇಲು. ಎಕ್ಸ್‌ಪಿಗೆ ಬೆಂಬಲ 2014ರ ಏಪ್ರಿಲ್ 8ರಂದೇ ನಿಂತಿರುವುದರಿಂದ ಅದರ ಅಂತರ್ಜಾಲ ಸಂಪರ್ಕ ಕಡಿದಿಡಬೇಕು. ಡಾಸ್‌ಬಾಕ್ಸ್ ಉಚಿತವಾದರೂ ಆಟಗಳಿಗಾಗಿ ರಚಿತವಾದುದು. ಅದರ ಮೂಲ ಆವೃತ್ತಿಯಲ್ಲಿ ಮುದ್ರಣದ ಸೌಲಭ್ಯವಿಲ್ಲ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಬಿಲ್ಲು ತೆಗೆಯುವವರು ಹಳೆಯ ಯಂತ್ರವನ್ನು ಮಾರುವ ಮುನ್ನ ಹೊಸದರಲ್ಲಿ ಒಂದು ಬಿಲ್ಲನ್ನಾದರೂ ಮುದ್ರಿಸಿ ನೋಡುವುದು ಒಳಿತು.