ನಾಯಿಯ ಜೊತೆ ಕಡಲೂರಿಗೆ ಹೊರಡುವ ಮುನ್ನ

ಗೋಕರ್ಣ, ಮುರ್ಡೇಶ್ವರ, ಮರವಂತೆಯ ಕಡೆ ರಜೆ ಕಳೆಯಲು ಹೊರಟಾಗ ಮನೆಯ ನಾಯಿಯನ್ನೂ ಕರೆದೊಯ್ಯಬಹುದೇ? ಧಾರಾಳವಾಗಿ. ಯಾವ ಕಾಯ್ದೆಯೂ ಅದನ್ನು ತಡೆಯುವುದಿಲ್ಲ. ಆದರೆ ಬಸ್ಸು, ರೈಲು, ಹೋಮ್‌ಸ್ಟೇ, ಕಡಲತೀರ ಎಲ್ಲೆಡೆ ನಾಯಿಯನ್ನು ಒಳಗೆ ಬಿಡಲೇಬೇಕು ಎನ್ನುವ ಹಕ್ಕನ್ನೂ ಯಾವ ಕಾಯ್ದೆಯೂ ಕೊಟ್ಟಿಲ್ಲ. ಅಪಾರ್ಟ್‌ಮೆಂಟ್ ಸಂಘಗಳು ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ ಎಂಬ ಪ್ರಾಣಿ ಕಲ್ಯಾಣ ಮಂಡಳಿಯ ಸೂಚನೆಯನ್ನು ಹೋಮ್‌ಸ್ಟೇ ಮಾಲೀಕರಿಗೆ ತೋರಿಸಿ ಉಪಯೋಗವಿಲ್ಲ. ಅದು ನೀವು ವಾಸವಿರುವ ಮನೆಯ ಮಾತು. ಇನ್ನೊಬ್ಬರ ಜಾಗದಲ್ಲಿ ಅವರ ಒಪ್ಪಿಗೆಯೇ ನಿಮಗೆ ಆಧಾರ, ಅದೂ ಬರಹದಲ್ಲಿರಬೇಕು.

ಮೊದಲು ಕಾಗದಪತ್ರ. 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ನಾಯಿ ಪ್ರಯಾಣಕ್ಕೆ ಯೋಗ್ಯವಾಗಿದೆ, ರೇಬೀಸ್ ಸೇರಿದಂತೆ ಸಾಂಕ್ರಾಮಿಕ ರೋಗದ ಲಕ್ಷಣವಿಲ್ಲ ಎಂದು ಪಶುವೈದ್ಯರು ಬರೆದುಕೊಟ್ಟ ಪ್ರಮಾಣಪತ್ರ ಬೇಕು. ಹೊರಡುವ ಒಂದೆರಡು ದಿನ ಮೊದಲು ಮಾಡಿಸಿ. ಹಳೆಯದಾದರೆ ಪ್ರಯೋಜನವಿಲ್ಲ. ಲಸಿಕೆಯ ಪುಸ್ತಕ ಜೊತೆಗಿರಲಿ. ತುಂಬು ಗಬ್ಬದ ನಾಯಿಯನ್ನು ಸಾಗಿಸುವಂತಿಲ್ಲ.

ರೈಲಿನಲ್ಲಿ ಎ.ಸಿ. ಪ್ರಥಮ ದರ್ಜೆಯ ಇಬ್ಬರ ಕೂಪೆ ಅಥವಾ ನಾಲ್ವರ ಕ್ಯಾಬಿನ್ ಪೂರ್ತಿಯಾಗಿ ನಿಮ್ಮದೇ ಆಗಿದ್ದರೆ ಮಾತ್ರ ನಾಯಿ ನಿಮ್ಮ ಜೊತೆ ಇರಬಹುದು. ಸ್ಲೀಪರ್, ತ್ರೀ-ಟಯರ್, ಟೂ-ಟಯರ್, ಚೇರ್ ಕಾರ್‌ಗಳಲ್ಲಿ ಅವಕಾಶವಿಲ್ಲ. ಉಳಿದ ದಾರಿ ಗಾರ್ಡ್ ವ್ಯಾನಿನ ನಾಯಿಪೆಟ್ಟಿಗೆ. ನಿಲ್ದಾಣದ ಪಾರ್ಸೆಲ್ ಕಚೇರಿಗೆ ಮೊದಲೇ ಹೋಗಿ ಶುಲ್ಕ ಕಟ್ಟಿ ರಸೀದಿ ಪಡೆಯಬೇಕು. ಪೆಟ್ಟಿಗೆಯಲ್ಲಿ ಏನಾದರೂ ಆದರೆ ರೈಲ್ವೆಯ ಹೊಣೆ ತೀರ ಸಣ್ಣ ಮೊತ್ತಕ್ಕೆ ಸೀಮಿತ. ನಾಯಿಯ ಬೆಲೆ ಘೋಷಿಸಿ ಹೆಚ್ಚುವರಿ ಶುಲ್ಕ ಕಟ್ಟಿದ್ದರೆ ಮಾತ್ರ ಹೆಚ್ಚು ಪರಿಹಾರ ಕೇಳಬಹುದು. ಗದ್ದಲದ ಕತ್ತಲ ಪೆಟ್ಟಿಗೆಯಲ್ಲಿ ಇಡೀ ರಾತ್ರಿ ಒಂಟಿಯಾಗಿ ಕಳೆಯಬೇಕಾದ ಪ್ರಾಣಿಯನ್ನು ನೆನೆದರೆ, ಕೂಪೆ ಸಿಗದಿದ್ದಾಗ ಅದನ್ನು ಮನೆಯವರ ಬಳಿ ಬಿಟ್ಟು ಹೋಗುವುದೇ ಒಳ್ಳೆಯದೆಂದು ನನಗನಿಸುತ್ತದೆ. ಕೆಎಸ್‌ಆರ್‌ಟಿಸಿ 2022ರಲ್ಲಿ ಸಾಕುನಾಯಿಗೆ ಅರ್ಧ ಟಿಕೆಟ್ ಎಂದು ನಿಯಮ ಬದಲಿಸಿತು. ಅದೂ ಸಾಮಾನ್ಯ ಬಸ್ಸುಗಳಿಗೆ ಮಾತ್ರ. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸುಗಳಿಗಲ್ಲ.

ಸ್ವಂತ ಕಾರಿನಲ್ಲಿ ಹೋಗುವವರಿಗೆ ಟಿಕೆಟ್ಟಿನ ತಾಪತ್ರಯವಿಲ್ಲ, ಕಾನೂನು ಮಾತ್ರ ಜೊತೆಗೇ ಬರುತ್ತದೆ. ಅನವಶ್ಯಕ ನೋವಾಗುವಂತೆ ಪ್ರಾಣಿಯನ್ನು ವಾಹನದಲ್ಲಿ ಒಯ್ಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ಗಾಜು ಏರಿಸಿದ ಕಾರನ್ನು ಕರಾವಳಿಯ ಬಿಸಿಲಿನಲ್ಲಿ ನಿಲ್ಲಿಸಿ, ಒಳಗೆ ನಾಯಿಯನ್ನು ಬಿಟ್ಟು ಊಟಕ್ಕೆ ಹೋದರೆ ಅದರ ಜೀವಕ್ಕೇ ಕುತ್ತು.

ಹೋಮ್‌ಸ್ಟೇ ಕಾದಿರಿಸುವಾಗ ಫೋನಿನಲ್ಲಿ 'ಪರವಾಗಿಲ್ಲ, ಕರ್ಕೊಂಡು ಬನ್ನಿ' ಎಂದದ್ದನ್ನು ನಂಬಿ ಹೊರಡಬೇಡಿ. ನಾಯಿಯ ತಳಿ, ಗಾತ್ರ, ಕೋಣೆಯೊಳಗೆ ಬಿಡುವರೇ, ಹೆಚ್ಚುವರಿ ಹಣವೆಷ್ಟು ಎಂಬುದನ್ನೆಲ್ಲ ವಾಟ್ಸ್ಆ್ಯಪ್‌ನಲ್ಲೋ ಇಮೇಲಿನಲ್ಲೋ ಕೇಳಿ ಉತ್ತರ ಉಳಿಸಿಕೊಳ್ಳಿ. ಹಾಗೆ ಒಪ್ಪಿ ಹಣ ಪಡೆದವರು ಬಾಗಿಲಲ್ಲಿ ನಿರಾಕರಿಸಿದರೆ ಅದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವಾ ನ್ಯೂನತೆ. ಮೊದಲು 1915 ಸಹಾಯವಾಣಿಗೆ ದೂರು ಕೊಡಿ. ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ನೀವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ಅದಕ್ಕಾಗಿ ಕಾರವಾರಕ್ಕೆ ಅಲೆಯಬೇಕಿಲ್ಲ. ತೆತ್ತ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ.

ಇನ್ನು ಕಡಲತೀರ. ಪ್ರವಾಸಿಗರು ಹೆಚ್ಚು ಎಡವುವುದು ಇಲ್ಲೇ. ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ನಾಯಿ ಮತ್ತಿತರ ಸಾಕುಪ್ರಾಣಿಗಳ ಓಡಾಟವನ್ನು ಕಟ್ಟುನಿಟ್ಟಾಗಿ ನಿಯಂತ್ರಿಸಬೇಕು ಎಂಬುದು ಆ ಮಾನ್ಯತೆಯ ಷರತ್ತುಗಳಲ್ಲೊಂದು. ಅಲ್ಲಿ ಕಾವಲುಗಾರರು ತಡೆದರೆ ಜಗಳಕ್ಕೆ ನಿಲ್ಲಬೇಡಿ.

ಉಳಿದ ತೀರಗಳಲ್ಲಿ ಫಲಕ ಇಲ್ಲದಿರಬಹುದು, ಆದರೆ ಮರಳಿನಡಿ ಕಡಲಾಮೆಯ ಮೊಟ್ಟೆಗಳಿರಬಹುದು. ಚಳಿಗಾಲದ ತಿಂಗಳುಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಉತ್ತರ ಕನ್ನಡದ ಮರಳಿಗೆ ಬಂದು ಗೂಡು ಮಾಡುತ್ತವೆ, ಡಿಸೆಂಬರ್ ರಜೆಗೆ ನಾವು ಹೋಗುವುದೂ ಆಗಲೇ. ಈ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಸರೀಸೃಪಗಳ ಮೊಟ್ಟೆಗೆ ಹಾನಿ ಮಾಡುವುದು, ಗೂಡು ಕದಡುವುದು ಕೂಡ ಆ ಕಾಯ್ದೆಯ ಪ್ರಕಾರ 'ಬೇಟೆ'ಯೇ. ಮೊದಲ ಅನುಸೂಚಿಯ ಪ್ರಾಣಿಯ ಬೇಟೆಗೆ ಮೂರರಿಂದ ಏಳು ವರ್ಷ ಸೆರೆವಾಸ. ನಾಯಿ ತಾನಾಗಿ ಕೆದಕಿದ್ದಕ್ಕೆ ಒಡೆಯರು ಎಷ್ಟರಮಟ್ಟಿಗೆ ಹೊಣೆ ಎಂಬುದು ಆಯಾ ಪ್ರಕರಣದ ಮೇಲೆ ನಿಂತಿದೆ. ಅರಣ್ಯ ಇಲಾಖೆ ಬಲೆ ಕಟ್ಟಿ ಗುರುತಿಸಿದ ಗೂಡಿನ ಬಳಿ ಗೊತ್ತಿದ್ದೂ ನಾಯಿಯನ್ನು ಬಿಟ್ಟರೆ ಪಾರಾಗುವುದು ಕಷ್ಟ. ಮರಳಿನ ಮೇಲೆ ಹಗ್ಗ ಕೈಯಲ್ಲೇ ಇರಲಿ.

ಅದೇ ಮರಳಿನ ಮೇಲೆ ಮೀನುಗಾರ ಹೆಂಗಸರು ಮೀನು ಒಣಗಿಸುತ್ತಾರೆ. ನಮಗೆ ಆಟದ ಬಯಲಾಗಿ ಕಾಣುವ ಜಾಗ ಅವರ ದುಡಿಮೆಯ ಅಂಗಳ. ನಿಮ್ಮ ನಾಯಿ ಒಣಗಲು ಹಾಕಿದ ಮೀನಿನ ಮೇಲೆ ಓಡಾಡಿ ಹಾಳುಮಾಡಿದರೆ ಅದು ಬೇಕೆಂದು ಮಾಡಿದ್ದಲ್ಲವಾದ್ದರಿಂದ ಕ್ರಿಮಿನಲ್ ಪ್ರಕರಣ ಆಗದಿರಬಹುದು, ಆದರೆ ನಿರ್ಲಕ್ಷ್ಯದಿಂದಾದ ನಷ್ಟಕ್ಕೆ ಪರಿಹಾರ ಕೇಳುವ ಹಕ್ಕು ಅವರಿಗಿದೆ. ಈ ಮಾತು ಕಡಲೂರಿನ ಓದುಗರಿಗೂ ತಲುಪಲಿ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಯಾವುದೇ ಮಹಿಳೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಪಡೆಯಬಹುದು. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು.

ನಾಯಿ ಯಾರಿಗಾದರೂ ಕಚ್ಚಿದರೆ ಮೊದಲು ಗಾಯವನ್ನು ಹರಿಯುವ ನೀರು, ಸಾಬೂನಿನಿಂದ ಹದಿನೈದು ನಿಮಿಷ ತೊಳೆಸಿ ಸರ್ಕಾರಿ ಆಸ್ಪತ್ರೆಗೆ ನೀವೇ ಕರೆದೊಯ್ಯಿರಿ. ಲಸಿಕೆಯ ಪುಸ್ತಕವನ್ನು ವೈದ್ಯರಿಗೆ ತೋರಿಸಿ. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಬೇಕಾದ್ದರಿಂದ ನಿಮ್ಮ ವಿಳಾಸ, ಫೋನ್ ನಂಬರ್ ಕೊಡದೆ ಊರು ಬಿಡುವುದು ಕಚ್ಚಿಸಿಕೊಂಡವರ ಜೀವದ ಜೊತೆ ಆಡುವ ಆಟ. ಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಾಗೆಂದು ಸಿಟ್ಟಿನಲ್ಲಿ ನಾಯಿಗೆ ವಿಷ ಹಾಕುವುದಕ್ಕೆ, ಕೈಕಾಲು ಮುರಿಯುವುದಕ್ಕೆ ಯಾರಿಗೂ ಅಧಿಕಾರವಿಲ್ಲ. ಅದೇ ಸಂಹಿತೆಯ 325ನೇ ಕಲಮು ಅದಕ್ಕೆ ಐದು ವರ್ಷದವರೆಗೆ ಶಿಕ್ಷೆ ವಿಧಿಸುತ್ತದೆ. ಯಾರಾದರೂ ಹಾಗೆ ಮಾಡಿದರೆ 112ಕ್ಕೆ ಕರೆ ಮಾಡಿ, ಠಾಣೆಯಲ್ಲಿ ದೂರು ದಾಖಲಿಸಿ.

ರಜೆ ಮುಗಿದಾಗ ನಾಯಿಯನ್ನು ತೀರದಲ್ಲೇ ಬಿಟ್ಟು ಹೊರಡುವುದನ್ನು ನಾನು ಎಲ್ಲಕ್ಕಿಂತ ದೊಡ್ಡ ತಪ್ಪೆಂದು ಎಣಿಸುತ್ತೇನೆ. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಕಾಯ್ದೆಯ ಪ್ರಕಾರ ಅಪರಾಧವೇ, ಆದರೆ ಮೊದಲ ಸಲದ ದಂಡ ಹತ್ತರಿಂದ ಐವತ್ತು ರೂಪಾಯಿ. ಆರು ದಶಕ ದಾಟಿದರೂ ಈ ಮೊತ್ತ ಇಷ್ಟು ಕಡಿಮೆಯೇ ಇರುವುದು ನಾಚಿಕೆಯ ಸಂಗತಿ. ನಾಯಿ ನಿಜವಾಗಿಯೂ ತಪ್ಪಿಸಿಕೊಂಡಿದ್ದರೆ ಫೋಟೋ ಸಮೇತ ಪೊಲೀಸ್ ಠಾಣೆಗೂ ಗ್ರಾಮ ಪಂಚಾಯಿತಿಗೂ ಬರಹದಲ್ಲಿ ತಿಳಿಸಿ ಸ್ವೀಕೃತಿ ಪಡೆಯಿರಿ. ಮುಂದೆ ಬಿಟ್ಟುಹೋದರೆಂಬ ದೂರು ಬಂದರೆ ನೀವು ಹುಡುಕಿದ್ದಿರಿ ಎನ್ನುವುದಕ್ಕೆ ಅದು ದಾಖಲೆಯಾಗುತ್ತದೆ. ನಾಯಿ ಸಿಕ್ಕಿದವರಿಗೂ ನಿಮ್ಮನ್ನು ಹುಡುಕಲು ದಾರಿಯಾಗುತ್ತದೆ.